ದಂಪತಿಗಳೂ ಸಂಗೀತಗೋಷ್ಠಿಯೂ

ನಮ್ಮ ಹಳ್ಳಿಗಳಿಂದ ಉದ್ಯೋಗಾರ್ಥವಾಗಿ ಬೆಂಗಳೂರಿಗೆ ಹೋಗಿ ಇಂದಿರಾನಗರದಂಥ ಬಡಾವಣೆಗಳಲ್ಲಿ ನೆಲೆಸಿದವರುಂಟು. 2011ನೆಯ ಇಸವಿಯಲ್ಲಿ ಆರಂಭವಾದ ಮೆಟ್ರೋ ರೈಲನ್ನು ಅಲ್ಲಿ ಹತ್ತಿದವರು ಹಲಸೂರು, ಟ್ರಿನಿಟಿ ಎಂಬ ನಿಲ್ದಾಣಗಳನ್ನು ದಾಟಿ ಮಹಾತ್ಮಾ ಗಾಂಧಿ ರಸ್ತೆಗೆ ಬರುತ್ತಾರೆ. ಹೋಲಿ ಟ್ರಿನಿಟಿ ದೇವಾಲಯವೂ ಸೇಂಟ್ ಮಾರ್ಕ್ಸ್ ಕೆಥೀಡ್ರಲ್ ಎಂಬ ದೇವಾಲಯವೂ ಈ ದಾರಿಗೆ ಸಮೀಪವಾಗಿವೆ. ಕ್ರಿಸ್ಮಸ್ ಹಬ್ಬದ ಮುಂಚಿನ ವಾರಗಳಲ್ಲಿ ನಗರದ ದೇವಾಲಯಗಳಲ್ಲಿಯೂ ಸಭಾಮಂದಿರಗಳಲ್ಲಿಯೂ ಕ್ರೈಸ್ತ ಸಂಗೀತಗೋಷ್ಠಿಗಳು ನಡೆಯುವವು. ಗಂಡಹೆಂಡಿರು ಜೊತೆಯಾಗಿ ಹೋಗುವರು. ಒಬ್ಬರ ಕಣ್ಣಲ್ಲಿ ನೀರು ತುಂಬುವದು. ಮತ್ತೊಬ್ಬರು ಯಾವಾಗ ಮುಗಿದೀತೆಂದು ಕಾದಿರುವರು. ಮನೆಗೆ ಮರಳುವಾಗ ಒಬ್ಬರು, “ನಿಮ್ಮ ಹೃದಯ ಕಲ್ಲೇ?” ಎನ್ನುವರು, ಮತ್ತೊಬ್ಬರು, “ಅದು ಭಕ್ತಿಯಲ್ಲ, ಕಿವಿಯ ಸುಖ” ಎನ್ನುವರು. ಹೀಗಿರಲಾಗಿ, ಸಂಗೀತದಿಂದ ಉಂಟಾಗುವ ಭಾವದಿಂದ ಜೊತೆಗಾರರ ನಂಬಿಕೆಯನ್ನು ಅಳೆಯಬಹುದೋ ಎಂಬದೇ ಪ್ರಶ್ನೆ.

ಈ ಜಗಳವು ಹೊಸದಲ್ಲ. ಸಮುವೇಲನ ಎರಡನೆಯ ಪುಸ್ತಕದ ಆರನೆಯ ಅಧ್ಯಾಯವನ್ನು ಓದಿರಿ. ಮಂಜೂಷವು ಪಟ್ಟಣಕ್ಕೆ ಬರುತ್ತಿರುವಾಗ ದಾವೀದನು ಅದರ ಮುಂದೆ ಕುಣಿದನು. ಅವನ ಹೆಂಡತಿಯಾದ ಮೀಕಲಳು ಕಿಟಕಿಯಿಂದ ನೋಡಿ ಮನಸ್ಸಿನಲ್ಲಿಯೇ ಅವನನ್ನು ತಿರಸ್ಕರಿಸಿದಳು. ಅವಳು ಕುಣಿಯದೆ ಇದ್ದದ್ದನ್ನು ಅಲ್ಲಿ ತಪ್ಪೆಂದು ಎಣಿಸಿಲ್ಲ, ಹೀನೈಸಿದ್ದೇ ತಪ್ಪಾಯಿತು. ಆದರೆ ದಾವೀದನ ಉತ್ತರವಾದರೂ ಮೃದುವಾಗಿರಲಿಲ್ಲ. ದೇವರು ಅವಳ ತಂದೆಯನ್ನು ಬಿಟ್ಟು ತನ್ನನ್ನು ಆರಿಸಿಕೊಂಡದ್ದನ್ನು ಎತ್ತಿ ಆಡಿದನು. ದೇವರ ಮುಂದೆ ಉಲ್ಲಾಸದಿಂದ ಕುಣಿದವನು ಮನೆಯವರನ್ನು ಆಶೀರ್ವದಿಸಲು ಬಂದು, ಮಾತಿನಿಂದ ಗಾಯಪಡಿಸಿದನು.

ಭಾವವು ಸಾಲದೆಂಬದಕ್ಕೆ ಸಭೆಯ ಚರಿತ್ರೆಯೂ ಸಾಕ್ಷಿ. ಆಗಸ್ಟೀನನು ಮಿಲಾನ್ ಪಟ್ಟಣದ ಸಭೆಯ ಹಾಡುಗಳನ್ನು ಕೇಳಿ ಅತ್ತವನು. ಆದರೂ ಹಾಡಿನ ಅರ್ಥಕ್ಕಿಂತ ಸ್ವರವೇ ತನ್ನನ್ನು ಹೆಚ್ಚಾಗಿ ಕದಲಿಸಿದಾಗ ಅದು ತನಗೆ ಪಾಪವೆಂದು ಬರೆದಿಟ್ಟನು. ಲೂಥರನು ಸಂಗೀತವನ್ನು ದೇವರ ಶ್ರೇಷ್ಠ ದಾನಗಳಲ್ಲಿ ಒಂದೆಂದು ಎಣಿಸಿದನು. ಅವನ ಕಾಲದವನೇ ಆದ ಜ್ವಿಂಗ್ಲಿಯು ಅನೇಕ ವಾದ್ಯಗಳನ್ನು ಬಲ್ಲವನಾಗಿದ್ದರೂ ಜೂರಿಕ್ ಪಟ್ಟಣದ ಆರಾಧನೆಯಲ್ಲಿ ಹಾಡನ್ನೂ ವಾದ್ಯವನ್ನೂ ನಿಲ್ಲಿಸಿದನು. ಇವರಲ್ಲಿ ಯಾರನ್ನು ಭಕ್ತಿಹೀನನೆಂದು ಹೇಳೋಣ? ಕಿವಿಯ ರುಚಿಯು ನಾಲಿಗೆಯ ರುಚಿಯಂತೆ ಒಬ್ಬೊಬ್ಬರಿಗೆ ಒಂದೊಂದು ತರವಾಗಿರುವದು. ಕಣ್ಣೀರಿಲ್ಲದ ಮನುಷ್ಯನು ಮರುದಿನ ನೆರೆಯವನ ಸಾಲವನ್ನು ಮನ್ನಿಸಿದರೆ, ಅವನ ಹೃದಯವು ಮುಟ್ಟಲ್ಪಡಲಿಲ್ಲವೆಂದು ಯಾರು ಹೇಳಬಲ್ಲರು?

ಹಾಗಾದರೆ ಇಷ್ಟವಿಲ್ಲದೆ ಜೊತೆಗೆ ಹೋಗಿ ಕೂತುಕೊಳ್ಳುವದು ಕಪಟವಲ್ಲವೇ ಎಂದು ಕೆಲವರು ಕೇಳುವರು. ಇಲ್ಲದ ಭಾವವನ್ನು ನಟಿಸಿದರೆ ಅದು ಕಪಟವೇ ಸರಿ. ಆದರೆ, “ನನಗೆ ಈ ರಾಗವು ತಿಳಿಯದು, ನಿನಗೆ ಸಂತೋಷವಾದದರಿಂದ ಬಂದಿದ್ದೇನೆ” ಎಂದು ಹೇಳಿ ಕೂತವರು ಸತ್ಯವನ್ನೂ ಪ್ರೀತಿಯನ್ನೂ ಕಾಪಾಡಿದ್ದಾರೆ. ಜೊತೆಗೂಡಿ ಬರಬೇಕೆಂದು ಕೇಳಿಕೊಳ್ಳಬಹುದು, ಕಣ್ಣೀರನ್ನು ಕೇಳಲಾಗದು. ಪ್ರೀತಿಯಿಲ್ಲದ ಮಾತು ಬರೀ ತಾಳದ ಸದ್ದೆಂದು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಕಲಿಸಿದನಲ್ಲಾ. ಪ್ರೀತಿಯಿಲ್ಲದ ಗಾನವು ಅದಕ್ಕಿಂತ ಹೆಚ್ಚಾದೀತೇ?

ಇಂಥ ಗೋಷ್ಠಿಗಳಲ್ಲಿ ಲೋಕಪ್ರಸಿದ್ಧವಾದ ‘ಮೆಸ್ಸಾಯ’ ಎಂಬ ಕೃತಿಯನ್ನು ಹ್ಯಾಂಡೆಲನು 1741ರಲ್ಲಿ ರಚಿಸಿದನು. ಅದು 1742ನೆಯ ಏಪ್ರಿಲ್ 13ರಂದು ಡಬ್ಲಿನ್ ಪಟ್ಟಣದಲ್ಲಿ ಮೊದಲು ಹಾಡಲ್ಪಟ್ಟಿತು. ಬಂದ ಹಣವು ಸಾಲದ ನಿಮಿತ್ತ ಸೆರೆಯಲ್ಲಿದ್ದವರಿಗೂ ಎರಡು ಚಿಕಿತ್ಸಾಲಯಗಳಿಗೂ ಸಲ್ಲಿತು. ಬಹು ಜನರಿಗೆ ಸ್ಥಳವಾಗುವಂತೆ, ಸ್ತ್ರೀಯರು ಲಂಗವನ್ನು ಹರಡಿಸುವ ಬಳೆಗಳನ್ನೂ ಪುರುಷರು ಕತ್ತಿಗಳನ್ನೂ ಮನೆಯಲ್ಲಿ ಬಿಟ್ಟು ಬರಬೇಕೆಂದು ಮುಂಚಿತವಾಗಿ ವಿಜ್ಞಾಪಿಸಿದ್ದರು. ಇದು ದಂಪತಿಗಳಿಗೂ ತಕ್ಕ ಬುದ್ಧಿ. ತನ್ನ ರುಚಿಯೇ ಭಕ್ತಿಯೆಂದು ಹರಡಿಕೊಳ್ಳುವ ಹೆಮ್ಮೆಯನ್ನೂ, ಜೊತೆಗಾರರನ್ನು ಇರಿಯುವ ತೀರ್ಪಿನ ಕತ್ತಿಯನ್ನೂ ಬಿಟ್ಟು ಬಂದರೆ ಒಂದೇ ಬೆಂಚಿನಲ್ಲಿ ಇಬ್ಬರಿಗೂ ಸ್ಥಳವಾಗುವದು.

ನಗರಕ್ಕೆ ಹೋಗದ ವಾಚಕರೂ ಇದನ್ನು ಯೋಚಿಸಲಿ. ನಮ್ಮ ಸಭೆಗಳಲ್ಲಿ ಜರ್ಮನ್ ರಾಗದ ಸಂಗೀತವನ್ನು ಗಂಡನೂ, ಹಾರ್ಮೋನಿಯಮ್ಮಿನೊಡನೆ ಹಾಡುವ ದೇಶೀಯ ಕೀರ್ತನೆಯನ್ನು ಹೆಂಡತಿಯೂ ಇಷ್ಟಪಡುವ ಮನೆಗಳು ಎಷ್ಟೋ ಇವೆ. ಬರುವ ಆದಿತ್ಯವಾರ ನಿಮಗೆ ಹಿಡಿಸದ ಹಾಡು ಬಂದಾಗ, ನಿಮ್ಮ ಬದಿಯಲ್ಲಿ ಅದನ್ನು ಹಾಡುವವರ ಮುಖವನ್ನು ಒಮ್ಮೆ ನೋಡಿರಿ; ಆಮೇಲೆ ನಿಮ್ಮ ಪುಸ್ತಕವನ್ನೂ ತೆರೆಯಿರಿ.