ಸಲಾಂ ಹೇಳದೆ ಒಳಬಂದ ಅತಿಥಿ

ನಮ್ಮ ಹಿರಿಯರು ಸ್ವಂತ ಮನೆಗೆ ಬರುವಾಗಲೂ ಹೊಸ್ತಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಮೈಸೂರಿನ ಮಂಡಿ ಮೊಹಲ್ಲಾದ ನಮ್ಮ ಹಳೆಯ ಮನೆಯಲ್ಲಿ ತಂದೆಯವರ ಆ ಕೆಮ್ಮು ಕೇಳಿಸಿದೊಡನೆ ಒಳಗಿದ್ದ ಹೆಂಗಸರು ಸೆರಗು ಸರಿಪಡಿಸಿಕೊಳ್ಳುತ್ತಿದ್ದರು. ನೆರೆಮನೆಯಿಂದ ಬಂದವರು ಹಿತ್ತಲ ಬಾಗಿಲಿನಿಂದ ಹೊರಡುತ್ತಿದ್ದರು. ಅದು ಬರಿಯ ರೂಢಿಯಲ್ಲವೆಂದು ನನಗೆ ಗೊತ್ತಾದದ್ದು ಮದ್ರಸಕ್ಕೆ ಸೇರಿದ ಮೇಲೆ. ಅಬ್ದುಲ್ಲಾ ಬಿನ್ ಮಸ್‌ಊದ್(ರ) ಮನೆಯ ಬಾಗಿಲಿಗೆ ಬಂದಾಗ ಗಂಟಲಿನಿಂದ ಸದ್ದು ಮಾಡುತ್ತಿದ್ದರೆಂದು ಅವರ ಪತ್ನಿ ಝೈನಬ್(ರ) ತಿಳಿಸಿದ್ದಾರೆ. ಮನೆ ಅವರದೇ, ಒಳಗಿದ್ದವರೂ ಅವರವರೇ. ಆದರೂ ಒಂದು ಕ್ಷಣದ ಸೂಚನೆ ಕೊಡದೆ ಅವರು ಒಳಗೆ ಕಾಲಿಡುತ್ತಿರಲಿಲ್ಲ.

ಈ ಕೆಮ್ಮು ನನಗೆ ಈಗ ನೆನಪಾಗಲು ಕಾರಣವಿದೆ. ಕಳೆದ ವರ್ಷ ನನ್ನ ವೃದ್ಧ ತಾಯಿ ಬಚ್ಚಲುಮನೆಯ ಬಾಗಿಲಲ್ಲಿ ಜಾರಿ ಬಿದ್ದರು. ಎಲುಬು ಮುರಿಯಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ನನ್ನ ನಿದ್ದೆ ಹಾರಿಹೋಯಿತು. ನಾನು ಶಾಲೆಯಲ್ಲಿದ್ದು, ಹೆಂಡತಿ ಮಕ್ಕಳನ್ನು ಕರೆತರಲು ಹೋದಾಗ ಮತ್ತೆ ಬಿದ್ದರೆ ಗತಿಯೇನು? ಸಹೋದ್ಯೋಗಿಯೊಬ್ಬರ ಮಾತು ಕೇಳಿ ಅಂಗೈಯಷ್ಟಗಲದ ಕ್ಯಾಮೆರಾ ತಂದು ನಡುಮನೆಯ ಮೂಲೆಯಲ್ಲಿರಿಸಿದೆ. ಇಂಟರ್‌ನೆಟ್ ಮೂಲಕ ಅದರ ಚಿತ್ರ ನನ್ನ ಫೋನಿಗೆ ಬರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಕುಳಿತೇ ತಾಯಿ ತಸ್ಬೀಹ್ ಎಣಿಸುವುದನ್ನು ಕಂಡು ಮನಸ್ಸು ಹಗುರಾಯಿತು. ಆ ನೆಮ್ಮದಿ ಸುಳ್ಳಲ್ಲ. ಆದ್ದರಿಂದ ಇಂತಹ ಉಪಕರಣಗಳೆಲ್ಲ ಶೈತಾನನ ಕೈವಾಡವೆಂದು ಬರೆಯಲು ನಾನು ಕುಳಿತಿಲ್ಲ.

ಆದರೆ ಎಲ್ಲದರ ಉಪಯೋಗವೂ ಇಷ್ಟು ಸ್ಪಷ್ಟವಾಗಿಲ್ಲ. ಇಂಟರ್‌ನೆಟ್ಟಿಗೆ ಜೋಡಿಸಿದ ಫ್ರಿಜ್ ಈಗ ಅಂಗಡಿಗಳಲ್ಲಿದೆ. ಒಳಗೆ ಹಾಲಿದೆಯೇ ಎಂದು ತಿಳಿಯಲು ಬಾಗಿಲು ತೆರೆದು ನೋಡಿದರೆ ಸಾಲದೇ? ಹಣ ಕೊಟ್ಟು ಕೊಂಡರೂ ಅದು ಪೂರ್ತಿಯಾಗಿ ನಮ್ಮದಾಗುವುದಿಲ್ಲ ಎಂಬುದು ಇನ್ನೊಂದು ಮಾತು. ಮನೆಯ ದೀಪ ಮುಂತಾದವನ್ನು ನಿಯಂತ್ರಿಸುವ ರಿವಾಲ್ವ್ ಎಂಬ ಪೆಟ್ಟಿಗೆಯನ್ನು ಅಮೆರಿಕದಲ್ಲಿ ಸುಮಾರು 300 ಡಾಲರಿಗೆ ಮಾರುತ್ತಿದ್ದರು. ಆ ಕಂಪನಿಯನ್ನು ಕೊಂಡವರು 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನೇ ನಿಲ್ಲಿಸಿದರು. ಕೆಡದೆ ಇದ್ದ ಪೆಟ್ಟಿಗೆಗಳು ಒಂದೇ ದಿನದಲ್ಲಿ ಕಸವಾದವು.

ಇನ್ನು ಗುಟ್ಟಿನ ಮಾತು. ಮನೆ ಗುಡಿಸುವ ಯಂತ್ರವೊಂದು ಪರೀಕ್ಷೆಯ ಹಂತದಲ್ಲಿದ್ದಾಗ ಶೌಚಾಲಯದಲ್ಲಿ ಕುಳಿತಿದ್ದ ಮಹಿಳೆಯ ಚಿತ್ರ ತೆಗೆದಿತ್ತು. ಚಿತ್ರಗಳನ್ನು ವಿಂಗಡಿಸುವ ಕೆಲಸ ದೂರದ ವೆನೆಜುವೆಲಾದ ಕೂಲಿಗಾರರದ್ದಾಗಿತ್ತು. ಅವರ ಕೈಯಿಂದ ಅದು ಹೊರಗೆ ಹರಿದಾಡಿದ್ದನ್ನು ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ 2022ರಲ್ಲಿ ಬಯಲಿಗೆಳೆಯಿತು. ರಿಂಗ್ ಎಂಬ ಕ್ಯಾಮೆರಾ ಕಂಪನಿಯ ನೌಕರನೊಬ್ಬ ಮಹಿಳೆಯರ ಮಲಗುವ ಕೋಣೆಯ ದೃಶ್ಯಗಳನ್ನು ನೋಡುತ್ತಿದ್ದನೆಂದು 2023ರಲ್ಲಿ ಅಲ್ಲಿನ ಸರಕಾರಿ ಆಯೋಗ ಆರೋಪಿಸಿತು. ಕಂಪನಿ 58 ಲಕ್ಷ ಡಾಲರ್ ತೆರಬೇಕಾಯಿತು. ಇವು ದೂರದ ಸುದ್ದಿಗಳೆನ್ನುವಿರಾ? 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು, ಪರೀಕ್ಷೆಗೆ ಮಲಗಿದ್ದ ಹೆಣ್ಣುಮಕ್ಕಳ ದೃಶ್ಯಗಳು, ಇಂಟರ್‌ನೆಟ್ಟಿನಲ್ಲಿ ಮಾರಾಟವಾಗುತ್ತಿದ್ದುದು ಪತ್ತೆಯಾಯಿತು.

ಕ್ಯಾಮೆರಾ ಇಲ್ಲದಿದ್ದರೂ ಮನೆಯ ವಿಷಯ ಹೊರಗೆ ಹೋಗಬಲ್ಲದು. ನಮ್ಮ ಮೈಸೂರಿನಲ್ಲೇ ಸೆಸ್ಕ್ 2010ರ ದಶಕದಲ್ಲಿ ಕೇಂದ್ರ ಸರಕಾರದ ನೆರವಿನಿಂದ ಸ್ಮಾರ್ಟ್ ಗ್ರಿಡ್ ಪ್ರಯೋಗ ನಡೆಸಿತು. ಅದರ ವ್ಯಾಪ್ತಿಯಲ್ಲಿ 20,000ಕ್ಕೂ ಹೆಚ್ಚು ಗ್ರಾಹಕರಿದ್ದರು. ಹಳೆಯ ಮೀಟರ್ ತಿಂಗಳಿಗೊಂದು ಅಂಕಿ ಹೇಳುತ್ತಿತ್ತು, ಅದನ್ನೂ ಓದುವವನು ಬಂದು ಬಾಗಿಲು ತಟ್ಟಿ ಓದುತ್ತಿದ್ದನು. ಸ್ಮಾರ್ಟ್ ಮೀಟರ್ ಗಂಟೆ ಗಂಟೆಯ ಲೆಕ್ಕವನ್ನೂ ಕೂತಲ್ಲಿಂದಲೇ ಕಳುಹಿಸಬಲ್ಲದು. ವಿದ್ಯುತ್ ಸೋರಿಕೆ ತಡೆಯಲು ಅದು ಒಳ್ಳೆಯದೇ. ಆದರೆ ಯೋಚಿಸಿ, ಮೂರೂವರೆಗೆ ಎದ್ದು ಯಾರಿಗೂ ತಿಳಿಯದಂತೆ ತಹಜ್ಜುದ್ ನಿರ್ವಹಿಸುವವನ ದೀಪವೂ ಆ ಲೆಕ್ಕದಲ್ಲಿರುತ್ತದೆ! ಇಂತಹ ಮೀಟರ್‌ನಿಂದ ಮನೆಯೊಳಗಿನ ಬದುಕು ತಿಳಿಯುತ್ತದೆಂದೂ, ಸರಕಾರಿ ಸಂಸ್ಥೆ ಅದನ್ನು ಸಂಗ್ರಹಿಸುವುದು ಒಂದು ಬಗೆಯ ಶೋಧನೆಯೇ ಎಂದೂ 2018ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಹೇಳಿತು. ಆ ಪ್ರಕರಣದಲ್ಲಿ ಶೋಧನೆ ಸಮಂಜಸವಾದುದೆಂದೂ ತೀರ್ಪಿತ್ತಿತು.

ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು. ಆ ಮೊಕದ್ದಮೆಗೆ ಹೆಸರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ತೀರ್ಪು ಬಂದಾಗ ಅವರ ವಯಸ್ಸು 90 ದಾಟಿತ್ತು. ಬಳಿಕ 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾನೂನೂ ಬಂತು. ಆದರೆ ವ್ಯಕ್ತಿಯೊಬ್ಬನು ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕಾಗಿ ಮಾಹಿತಿ ಬಳಸಿದರೆ ಆ ಕಾನೂನು ಅನ್ವಯಿಸುವುದಿಲ್ಲ. ಅಂದರೆ ಕಂಪನಿಯನ್ನು ಅದು ಕಟ್ಟಿಹಾಕುತ್ತದೆ, ಮನೆಯ ಯಜಮಾನನನ್ನು ಮುಟ್ಟುವುದಿಲ್ಲ. ನನ್ನ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಎರಡು ವಾರ ಕಳೆಯುವುದರೊಳಗೆ ನಾನು ತಾಯಿಯನ್ನು ಮಾತ್ರ ನೋಡುತ್ತಿರಲಿಲ್ಲ. ಕೆಲಸದಾಕೆ ಎಷ್ಟು ಹೊತ್ತಿಗೆ ಬಂದಳು, ಹೆಂಡತಿ ಫೋನಿನಲ್ಲಿ ಎಷ್ಟು ಹೊತ್ತು ಮಾತಾಡಿದಳು, ಅಗರಬತ್ತಿ ಹೊಸೆಯುವ ಹಲಗೆ ಹಿಡಿದುಕೊಂಡು ಬಂದು ಕೂತ ನೆರೆಹೊರೆಯ ಹೆಂಗಸರು ಯಾರು ಯಾರು, ಎಲ್ಲವೂ ನನ್ನ ಬಿಡುವಿನ ಪಿರಿಯಡ್‌ಗೆ ಆಹಾರವಾಯಿತು. ಒಂದು ಸಂಜೆ ಹೆಂಡತಿಯನ್ನು, "ಇವತ್ತು ಯಾರಾದರೂ ಬಂದಿದ್ದರೇ?" ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ. ಓದುಗರೇ, ಆ ಪ್ರಶ್ನೆಗೆ ಏನೆಂದು ಹೆಸರಿಡುವಿರಿ?

ನಾನು ಮಕ್ಕಳಿಗೆ ಸೂರಃ ಅಲ್ ಹುಜುರಾತ್ ಕಲಿಸುವವನು. ಪರರ ಗುಟ್ಟು ಹುಡುಕಬಾರದೆಂಬ ಅದರ 12ನೆಯ ಸೂಕ್ತವನ್ನು ಎಷ್ಟೋ ಸಲ ವಿವರಿಸಿದ್ದೇನೆ. ಸೂರಃ ಅನ್ನೂರ್‌ನ 58ನೆಯ ಸೂಕ್ತದಲ್ಲಿ ಫಜ್ರ್‌ಗೆ ಮುಂಚೆ, ನಡುಹಗಲಿನಲ್ಲಿ, ಇಶಾದ ನಂತರ ಹೀಗೆ ಮೂರು ಹೊತ್ತು ಮನೆಯ ಚಿಕ್ಕ ಮಕ್ಕಳೂ ಅನುಮತಿ ಕೇಳಿಯೇ ಒಳಬರಬೇಕೆಂದಿದೆ. ಗೋಡೆಯ ಮೇಲಿನ ಆ ಕಣ್ಣಿಗೆ ಹೊತ್ತೆಂಬುದಿಲ್ಲ. ಪ್ರಯಾಣದಿಂದ ಮರಳಿದವನು ಮನೆಯವರ ತಪ್ಪು ಹಿಡಿಯಲೆಂದು ರಾತ್ರಿ ಹೊತ್ತು ಏಕಾಏಕಿ ಬರುವುದನ್ನು ಪ್ರವಾದಿ(ಸ)ರವರು ತಡೆದರೆಂದು ಜಾಬಿರ್(ರ) ವರದಿ ಮಾಡಿದ್ದಾರೆ. ನಾನಾದರೋ ದಿನಕ್ಕೆ ಹತ್ತು ಸಲ, ಕೆಮ್ಮದೆ, ಸಲಾಂ ಹೇಳದೆ ನನ್ನ ಮನೆಗೆ ಏಕಾಏಕಿ ಬರುತ್ತಿದ್ದೆ. ಖಲೀಫ ಉಮರ್(ರ)ರವರು ಒಂದು ರಾತ್ರಿ ಗೋಡೆ ಹತ್ತಿ ಒಬ್ಬನ ಪಾಪವನ್ನು ಹಿಡಿದಾಗ, ನನ್ನದು ಒಂದು ತಪ್ಪು, ನಿಮ್ಮದು ಮೂರು ಎಂದು ಆತ ಲೆಕ್ಕ ಒಪ್ಪಿಸಿದನೆಂಬ ಕಥೆಯಿದೆಯಲ್ಲ! ಗುಟ್ಟು ಹುಡುಕಿದ್ದು, ಬಾಗಿಲು ಬಿಟ್ಟು ಬಂದದ್ದು, ಅನುಮತಿ ಕೇಳದಿದ್ದದ್ದು. ನನ್ನ ಮನೆಯಲ್ಲಿ ಹಿಡಿಯಲು ಪಾಪವೂ ಇರಲಿಲ್ಲ. ಮೂರು ತಪ್ಪುಗಳು ಮಾತ್ರ ಇದ್ದವು, ಮೂರೂ ನನ್ನವೇ.

ಕ್ಯಾಮೆರಾ ಕೊಂಡ ದಿನ ಫೋನಿನ ಪರದೆಯಲ್ಲಿ 'ಒಪ್ಪಿದ್ದೇನೆ' ಎಂಬ ಗುಂಡಿ ಒತ್ತಿದವನು ನಾನೊಬ್ಬನೇ. ನನ್ನ ಪರವಾಗಿ ಒತ್ತಿದೆನೆಂದರೆ ಸರಿ. ತಾಯಿಯ ಪರವಾಗಿ, ಹೆಂಡತಿಯ ಪರವಾಗಿ, ಕಸ ಗುಡಿಸಿ ಹೋಗುವ ಬಡ ಹೆಂಗಸಿನ ಪರವಾಗಿ ಒಪ್ಪಲು ನನಗೆ ಅಧಿಕಾರ ಕೊಟ್ಟವರು ಯಾರು? ಮನೆಯ ಬಾಡಿಗೆ ಕಟ್ಟುವವನು ಮನೆಯವರ ಮರ್ಯಾದೆಯ ಮಾಲಿಕನಲ್ಲ.

ಇದೆಲ್ಲ ನನಗೆ ತಾನಾಗಿ ಹೊಳೆಯಲಿಲ್ಲ. ಒಂದು ರವಿವಾರ ನಾನು ಮನೆಯಲ್ಲೇ ಇದ್ದೆ. ಹೆಂಡತಿ ಅಡುಗೆಮನೆಯಿಂದ ನಡುಮನೆಗೆ ಬರುವಾಗ ಬಾಗಿಲ ಮೊಳೆಯಲ್ಲಿದ್ದ ದುಪಟ್ಟಾ ತೆಗೆದು ತಲೆಗೆ ಹೊದ್ದುಕೊಂಡಳು. ಒಳಗೆ ಹೋಗುವಾಗ ಮತ್ತೆ ಮೊಳೆಗೆ ಹಾಕಿದಳು. ಪರಪುರುಷರು ಯಾರೂ ಇರಲಿಲ್ಲ. ಕಾರಣ ಕೇಳಿದ್ದಕ್ಕೆ, "ಅದರ ಹಿಂದೆ ನೀವೇ ಇದ್ದೀರೋ ಇನ್ಯಾರಿದ್ದಾರೋ ನನಗೇನು ಗೊತ್ತು?" ಎಂದಳು. ಕ್ಯಾಮೆರಾ ಬಂದ ದಿನದಿಂದಲೂ ಹಾಗೆಯೇ ಮಾಡುತ್ತಿದ್ದಳಂತೆ. ಅಷ್ಟು ದಿನ ನೋಡುತ್ತಲೇ ಇದ್ದ ನನಗೆ ಅದೊಂದು ಮಾತ್ರ ಕಂಡಿರಲಿಲ್ಲ. ಅಗರಬತ್ತಿಯ ಹೆಂಗಸರು ಬರುವುದನ್ನು ನಿಲ್ಲಿಸಿ ಆಗಲೇ ವಾರವಾಗಿತ್ತು.

ಅಂದು ರಾತ್ರಿ ತಾಯಿಯ ಬಳಿ ಕುಳಿತು, ಮೊದಲೇ ಕೇಳಬೇಕಾಗಿದ್ದುದನ್ನು ಕೇಳಿದೆ. ಅವರು ನಕ್ಕರು. "ನಾನು ಬಿದ್ದದ್ದನ್ನು ನೀನು ಶಾಲೆಯಲ್ಲಿ ಕೂತು ನೋಡಿ ಏನು ಮಾಡ್ತೀಯಪ್ಪ? ಎತ್ತೋಕೆ ಪಕ್ಕದ ಮನೆ ಖಾಲಾನೇ ಬರಬೇಕು" ಎಂದರು.

ಖಾಲಾರವರನ್ನು ಕೇಳಿದೆ, ಒಪ್ಪಿದರು. ಗುಂಡಿ ಒತ್ತಿದರೆ ಪಕ್ಕದ ಮನೆಯಲ್ಲಿ ಬಾರಿಸುವ, ಇಂಟರ್‌ನೆಟ್ಟಿನ ಗೊಡವೆಯಿಲ್ಲದ ಕರೆಗಂಟೆಯೊಂದನ್ನು ತಂದು ಹಾಕಿದ್ದೇನೆ. ತಾಯಿ ಆ ಗುಂಡಿಯನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ. ಈವರೆಗೆ ಅದು ಎರಡು ಸಲ ಬಾರಿಸಿದೆ. ಒಮ್ಮೆ ಬಚ್ಚಲಿನಿಂದ ಎದ್ದು ಬರಲು ಕೈ ಬೇಕಾಗಿತ್ತು. ಇನ್ನೊಮ್ಮೆ ಅವರಿಗೆ ಖಾಲಾ ಮಾಡುವ ಶುಂಠಿ ಚಹಾ ಬೇಕಾಗಿತ್ತಂತೆ.