ಪ್ರತಿ ಮಾಡುವ ಧರ್ಮ

ಅಪ್ಪನ ಗಮಕ ವಾಚನದ ಹಳೆಯ ಕ್ಯಾಸೆಟ್ಟುಗಳನ್ನು ಸಿ.ಡಿ.ಗೆ ಇಳಿಸಲೆಂದು ದೆಹಲಿಯ ನೆಹರೂ ಪ್ಲೇಸಿನಲ್ಲಿ ಖಾಲಿ ಡಿಸ್ಕು ಆರಿಸುವಾಗ ನನ್ನನ್ನು ಕಾಡುವ ಪ್ರಶ್ನೆ ಇದು: ಅಳಿಯಬಾರದ್ದನ್ನು ಅಳಿಯುವ ವಸ್ತುವಿಗೆ ಒಪ್ಪಿಸುವುದು ಹೇಗೆ?

ಇಂಥ ಡಿಸ್ಕಿನಲ್ಲಿ ಲೇಸರ್ ಬರೆಯುವುದು ಬಣ್ಣದ ತೆಳು ಪದರದ ಮೇಲೆ. ಬಿಸಿಲು, ಸೆಕೆ ಅದನ್ನು ಕೆಡಿಸುತ್ತವೆ. ಅದರ ಮೇಲಿನ ಬೆಳ್ಳಿಯ ಲೇಪ ಗಾಳಿ ತಾಗಿದರೆ ಕಪ್ಪಾಗುತ್ತದೆ, ಚಿನ್ನ ಕಪ್ಪಾಗದು. ಆದ್ದರಿಂದ ಬೇಗ ಕೆಡದ ಥ್ಯಾಲೊಸಯನೈನ್ ಬಣ್ಣ, ಚಿನ್ನದ ಲೇಪ ಇರುವುದನ್ನೇ ಹುಡುಕುತ್ತೇನೆ. ಬರೆದ ಮೇಲೆ ಪೂರ್ತಿ ಓದಿಸಿ ಮೂಲದೊಂದಿಗೆ ತಾಳೆ ನೋಡುತ್ತೇನೆ. ಆದರೆ ಡಿಸ್ಕಿನ ಮಾತು ಹಾಗಿರಲಿ, ನೋಯ್ಡಾ ಸೀಮೆಯಲ್ಲಿ ಕೋಟಿಗಟ್ಟಲೆ ಡಿಸ್ಕು ತಯಾರಿಸಿದ ಮೋಸರ್ ಬೇರ್ ಕಂಪನಿಯೇ 2018ರಲ್ಲಿ ಸಮಾಪನೆಗೆ ಹೋಯಿತು.

ನನ್ನ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ: 10ನೆಯ ಶತಮಾನದಲ್ಲಿ ಜೈನ ದಾನಿ ಅತ್ತಿಮಬ್ಬೆ ಕವಿ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಯಿಸಿ ಹಂಚಿದಳು. ಜೈನರಿಗೆ ಅದು ಶಾಸ್ತ್ರದಾನ. ಓಲೆಗರಿಗೆ ಹುಳು ಹಿಡಿಯುವುದು ತಪ್ಪದು, ಆದರೆ ಸಾವಿರ ಮನೆಗಳಲ್ಲಿ ಒಮ್ಮೆಲೇ ಹಿಡಿಯದು.

ಒಳ್ಳೆಯ ಡಿಸ್ಕು ನಮಗೆ ಕೊಡುವುದು ಕೊಂಚ ಕಾಲಾವಕಾಶ. ಅಷ್ಟರೊಳಗೆ ಮುಂದಿನ ಪ್ರತಿ ಮಾಡುವುದು ನಮ್ಮ ಧರ್ಮ. ನಿಮ್ಮ ಮನೆಯಲ್ಲೂ ಹಿರಿಯರ ಧ್ವನಿ ಇದ್ದರೆ ಇಂದೇ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ಬಂಧುಗಳಿಗೆ ಕೊಡಿ.