ಭೇದವೂ ಸಂಬಂಧವೂ

ಚಾತುರ್ಮಾಸ್ಯದ ಪ್ರವಚನವೊಂದು ಮುಗಿದು ಮಂಗಳಾರತಿಯಾದ ಬಳಿಕ ವೃದ್ಧ ಗೃಹಸ್ಥರೊಬ್ಬರು ಸಮೀಪಕ್ಕೆ ಬಂದು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ನಿಮಿತ್ತವಾಯಿತು. “ಜೀವರು ಈಶ್ವರನಿಂದ ಬೇರೆ, ತಮ್ಮ ತಮ್ಮೊಳಗೂ ಬೇರೆ ಎಂದು ಹೇಳಿದಿರಿ. ಎಲ್ಲರೂ ಬೇರೆಯೇ ಆದ ಮೇಲೆ ಯಾರಿಗೆ ಯಾರು? ಇತ್ತ ನಾನು ಸ್ನಾನಕ್ಕೂ ಊಟಕ್ಕೂ ಮಗನ ಕೈ ಕಾಯಬೇಕಾಗಿದೆ. ಈ ಪರಾಧೀನ ಬಾಳಿಗಿಂತ ಹೀನವಾದುದು ಯಾವುದಿದೆ?” ಎಂದು ಅವರು ನೊಂದು ನುಡಿದರು. ಆಗ ತಕ್ಕ ಉತ್ತರವನ್ನು ಕೊಡಲಾಗಲಿಲ್ಲ. ಅನಂತರ ವಿಚಾರಮಾಡಿ ಹೊಳೆದುದನ್ನು ಆಸ್ತಿಕ ವಾಚಕರ ಮುಂದಿಡುತ್ತಿದ್ದೇನೆ.

ಭೇದವೆಂದರೆ ಅಗಲಿಕೆಯೆಂದು ಭಾವಿಸುವುದೇ ಮೊದಲ ತಪ್ಪು. ಸಂಬಂಧವು ದ್ವಿನಿಷ್ಠ, ಎಂದರೆ ಎರಡನ್ನು ಆಶ್ರಯಿಸಿಯೇ ಇರತಕ್ಕದ್ದು, ಎಂಬುದು ಶಾಸ್ತ್ರಜ್ಞರೆಲ್ಲ ಬಲ್ಲ ಮಾತು. ತಾಯಿ ಬೇರೆ, ಶಿಶು ಬೇರೆ ಆದುದರಿಂದಲೇ ವಾತ್ಸಲ್ಯಕ್ಕೆ ಅವಕಾಶ. ಗುರು ಬೇರೆ, ಶಿಷ್ಯ ಬೇರೆ ಆದುದರಿಂದಲೇ ಉಪದೇಶಕ್ಕೆ ಅರ್ಥ. ಎರಡಿಲ್ಲದ ಕಡೆ ಕೊಡುವವರಾರು, ಕೊಳ್ಳುವವರಾರು? ಜೀವ–ಈಶ್ವರ, ಜಡ–ಈಶ್ವರ, ಜೀವ–ಜೀವ, ಜೀವ–ಜಡ, ಜಡ–ಜಡ ಎಂಬ ಪಂಚಭೇದಗಳು ಸತ್ಯವೆಂದು ಶ್ರೀಮದಾಚಾರ್ಯರು ಸ್ಥಾಪಿಸಿದುದರಿಂದ ಜಗತ್ತು ಛಿನ್ನಭಿನ್ನವಾಗಲಿಲ್ಲ. ಸಂಬಂಧವು ಸತ್ಯವಾಗಬೇಕಾದರೆ ಸಂಬಂಧಿಗಳು ಸತ್ಯವಾಗಿರಬೇಕಷ್ಟೆ.

ಜೀವನಿಗೂ ಭಗವಂತನಿಗೂ ಇರುವ ಸಂಬಂಧವನ್ನು ಆಚಾರ್ಯರು ಬಿಂಬ–ಪ್ರತಿಬಿಂಬಭಾವವೆಂದು ನಿರೂಪಿಸಿರುವರು. ಕನ್ನಡಿಯಲ್ಲಿ ತೋರುವ ಮುಖವು ಕನ್ನಡಿ ಒಡೆದರೆ ಇಲ್ಲವಾಗುವುದು. ಅದು ಸೋಪಾಧಿಕ ಪ್ರತಿಬಿಂಬ. ಜೀವನಾದರೋ ನಿರುಪಾಧಿಕ ಪ್ರತಿಬಿಂಬ. ಇದಕ್ಕೆ ಅವರು ತೋರುವ ದೃಷ್ಟಾಂತ, ಸೂರ್ಯನಿಗೂ ಇಂದ್ರಚಾಪಕ್ಕೂ ಇರುವ ಸಂಬಂಧ. ಇಲ್ಲಿ ಪ್ರತಿಬಿಂಬವೆಂದರೆ ಮಿಥ್ಯೆಯೆಂದು ಅರ್ಥವಲ್ಲ. ಬಿಂಬಕ್ಕಿಂತ ಭಿನ್ನವಾಗಿರುವುದು, ಬಿಂಬಕ್ಕೆ ಅಧೀನವಾಗಿರುವುದು, ಬಿಂಬಕ್ಕೆ ಕಿಂಚಿತ್ ಸದೃಶವಾಗಿರುವುದು ಎಂಬ ಮೂರೂ ಕೂಡಿದುದೇ ಪ್ರತಿಬಿಂಬತ್ವ. ಹೊರಗಿನ ಉಪಾಧಿಯಿಂದ ಬಂದುದಲ್ಲವಾದುದರಿಂದ ಈ ಸಂಬಂಧವು ಮೋಕ್ಷದಲ್ಲಿಯೂ ಅಳಿಯದು.

ಇನ್ನು ಪರಾಧೀನತೆಯ ಮಾತು. ‘ತತ್ತ್ವಸಂಖ್ಯಾನ’ವು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ವಿಭಾಗಿಸಿಯೇ ಆರಂಭವಾಗುವುದು. ಸ್ವತಂತ್ರನು ಶ್ರೀವಿಷ್ಣುವೊಬ್ಬನೇ, ಚತುರ್ಮುಖನಿಂದ ತೃಣದವರೆಗೆ ಮಿಕ್ಕುದೆಲ್ಲವೂ ಅಸ್ವತಂತ್ರ. ಹಾಗಿದ್ದಲ್ಲಿ ಆ ಹಿರಿಯರು ಮಗನನ್ನು ಹೆಗಲ ಮೇಲೆ ಹೊತ್ತು ರಥೋತ್ಸವವನ್ನು ತೋರಿಸಿದ ದಿನವೂ ಪರತಂತ್ರರೇ ಆಗಿದ್ದರು. ಇಂದು ಅನ್ನವಿಕ್ಕುವ ಮಗನೂ ಪರತಂತ್ರನೇ. ವಾರ್ಧಕ್ಯವು ಅಧೀನತೆಯನ್ನು ಹೊಸದಾಗಿ ತರಲಿಲ್ಲ. ಮೊದಲೇ ಇದ್ದುದನ್ನು ಕಾಣುವಂತೆ ಮಾಡಿತು. ಇಬ್ಬರೂ ಒಬ್ಬ ಸ್ವಾಮಿಯ ಸೇವಕರಾಗಿರುವಾಗ ಪಡೆಯುವವರಿಗೆ ನಾಚಿಕೆಯೇಕೆ? ಕೊಡುವವನಿಗೆ ಗರ್ವವೇಕೆ?

ಉಡುಪಿಯ ಪರ್ಯಾಯೋತ್ಸವವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪೂಜಾಸರದಿಯನ್ನು ಶ್ರೀವಾದಿರಾಜರು ಎರಡು ವರ್ಷಗಳಿಗೆ ವಿಸ್ತರಿಸಿದರು. ಎಂಟು ಮಠಗಳು ಬೇರೆಬೇರೆ, ಶ್ರೀಕೃಷ್ಣನು ಒಬ್ಬನೇ. ಪರ್ಯಾಯ ಮುಗಿಸಿದ ಯತಿಗಳು ಮುಂದಿನವರಿಗೆ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಒಪ್ಪಿಸುವರು. ಅನ್ನವನ್ನು ಬಡಿಸುವ ಅಧಿಕಾರವೂ ಸರದಿಯಿಂದ ಬಂದು ಸರದಿಯಿಂದ ಹೋಗತಕ್ಕದ್ದು. ಮನೆಯಲ್ಲಿಯೂ ತಂದೆಯ ಕೈಯಲ್ಲಿದ್ದ ಸಟ್ಟುಗವು ಒಂದು ದಿನ ಮಗನ ಕೈಗೆ ಬರುವುದು.

ಆದರೆ ಮಗನಾದವನೂ ಎಚ್ಚರದಿಂದಿರಬೇಕು. “ನಮ್ಮ ತಂದೆ ತಾನೇ, ಅವರಿಗೇನು ಬೇಕೆಂದು ನಾನು ಬಲ್ಲೆ” ಎಂದು ಕೇಳದೆಯೇ ಎಲ್ಲವನ್ನೂ ನಿಶ್ಚಯಿಸುವುದು ಪ್ರೀತಿಯಂತೆ ತೋರಿದರೂ ಭೇದವನ್ನು ಮರೆತ ನಡತೆಯೇ. ಮಾರ್ಟಿನ್ ಬೂಬರ್ ಎಂಬ ತತ್ತ್ವಜ್ಞರು 1923ರಲ್ಲಿ ಪ್ರಕಟವಾದ ತಮ್ಮ ಜರ್ಮನ್ ಗ್ರಂಥದಲ್ಲಿ, ಎದುರಿಗಿರುವವರನ್ನು ‘ನೀನು’ ಎಂದು ಕಾಣುವುದು ಬೇರೆ, ‘ಅದು’ ಎಂದು ಕಾಣುವುದು ಬೇರೆ ಎಂದು ವಿವೇಚಿಸಿರುವರು. ಅವರ ಸಿದ್ಧಾಂತವೇ ಬೇರೆಯಾದರೂ ಈ ವಿವೇಕವು ಗ್ರಾಹ್ಯ. ಹೊತ್ತಿಗೆ ಸರಿಯಾಗಿ ಸ್ನಾನ, ಊಟ, ಔಷಧಿಗಳು ನಡೆದರೂ ಒಂದು ಮಾತನ್ನೂ ಕೇಳಿಸಿಕೊಳ್ಳುವವರಿಲ್ಲದಿದ್ದರೆ ತಂದೆಯು ಮನೆಯೊಳಗಿನ ಒಂದು ವಸ್ತುವಾಗಿಬಿಡುವನು. ಮಾಹಾತ್ಮ್ಯಜ್ಞಾನವು ಮೊದಲಾಗಿ ಅನಂತರ ಸುದೃಢವಾದ ಸ್ನೇಹವಾದರೆ ಅದೇ ಭಕ್ತಿಯೆಂದು ಆಚಾರ್ಯರು ಲಕ್ಷಣ ಹೇಳಿರುವರು. ಹರಿಯಲ್ಲಿಡಬೇಕಾದ ಭಕ್ತಿಗೆ ಸಮನಾದುದು ಬೇರೊಂದಿಲ್ಲ. ಆದರೂ ಎದುರಿಗಿರುವವರನ್ನು ಅರಿತು ಪ್ರೀತಿಸಬೇಕೆಂಬ ಕ್ರಮವನ್ನು ಮನೆಯಲ್ಲಿಯೂ ಅನುಸರಿಸಬಹುದಲ್ಲವೆ?

ತತ್ತ್ವಜ್ಞಾನದಿಂದ ಮೊಣಕಾಲಿನ ನೋವು ಹೋಗದು. ಆದರೆ ಪರಾಧೀನತೆಯೇ ಅವಮಾನವೆಂಬ ನೋವು ಹೋಗಬಹುದು. ಯಾರಿಗೆ ಯಾರು ಎಂದು ಆ ಹಿರಿಯರು ಕೇಳಿದ್ದರು. ಎಲ್ಲರಿಗೂ ಹರಿ, ಅವನ ಆಜ್ಞೆಯಂತೆ ತಂದೆಗೆ ಮಗ, ಮಗನಿಗೆ ತಂದೆ. ಬೇರೆಯವರಾಗಿರುವುದರಿಂದಲೇ ಒಬ್ಬರಿಗೊಬ್ಬರು ಆಗಬಲ್ಲರು. ನಾಳೆ ಮಗನು ಅನ್ನದ ತಟ್ಟೆಯನ್ನು ತಂದಾಗ ಅವರು ಅದನ್ನು ಪ್ರಸಾದವೆಂದು ಸ್ವೀಕರಿಸಲಿ. ಮಗನೂ ಬಡಿಸುವ ಮುನ್ನ, “ಅಪ್ಪಾ, ಇಂದು ಏನು ಬಡಿಸಲಿ?” ಎಂದು ಕೇಳಲಿ.

ಶ್ರೀಕೃಷ್ಣಾರ್ಪಣಮಸ್ತು.